ಹಪ್ಪಳಕ್ಕೆ ಬೆಲೆ ಹೇಳಿದ ದಿನ

ನಮ್ಮ ಮನೆಯಲ್ಲಿ ಹಪ್ಪಳ ಮಾರಿದವರು ಯಾರೂ ಇರಲಿಲ್ಲ. ಕೊಟ್ಟವರಷ್ಟೇ ಇದ್ದರು. ಶಿರಸಿ ಕಡೆಯ ನಮ್ಮೂರುಗಳಲ್ಲಿ ಬೇಸಿಗೆಯ ಹಲಸಿನ ಹಪ್ಪಳಕ್ಕೆ ಕೈಹಾಕುವಾಗಲೇ ವರ್ಷವಿಡೀ ಯಾರುಯಾರಿಗೆ ಕೊಡಬೇಕು ಎಂಬ ಲೆಕ್ಕ ಆಗಿಹೋಗಿರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಒಂದೊಂದು ಕಟ್ಟು, ಬೆಂಗಳೂರಿನ ಮೈದುನನ ಮನೆಗೆ ಇಷ್ಟು, ಚೌತಿಗೆ ಬಂದವರ ಎಲೆಗೆ ಇಷ್ಟು, ಮಳೆಗಾಲದಲ್ಲಿ ನಮಗೆ ಗಂಜಿಯ ಜೊತೆ ಕಚ್ಚಿಕೊಳ್ಳಲು ಉಳಿದಷ್ಟು. ಮನೆಗೆ ಬಂದವರು ಹೊರಡುವಾಗ ಅವರ ಚೀಲಕ್ಕೆ ಒಂದು ಕಟ್ಟು ಹಪ್ಪಳ, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಸೇರದಿದ್ದರೆ ಅತ್ತೆಗೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇಂಥ ಮನೆಯ ಸೊಸೆ ನಾನು ಬೆಂಗಳೂರಿನ ಮೈದಾನದಲ್ಲಿ ಮೇಜಿನ ಹಿಂದೆ ನಿಂತು ಅದೇ ಹಪ್ಪಳ ಮಾರಿದ ಕಥೆ ಇದು. ನಾಚಿಕೆ ಬಿಡುವುದು ಹೇಗೆ ಎಂದು ಈಗ ಯಾರಾದರೂ ಹುಡುಗಿಯರು ಕೇಳಿದರೆ ನಾನು ಈ ಕಥೆಯನ್ನೇ ಹೇಳುವುದು. ಉಪಾಯ ಎಂದು ಬೇರೆಯಾಗಿ ಹೇಳಲು ನನ್ನಲ್ಲಿ ಏನಿಲ್ಲ.

2018ರ ಮಳೆಗಾಲವನ್ನು ಮಲೆನಾಡಿನವರು ಯಾರೂ ಮರೆತಿಲ್ಲ. ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಬೇಕೆಂದರೆ ನಡುವೆ ಸ್ವಲ್ಪವಾದರೂ ಹೊಳವು ಆಗಬೇಕು. ಮೈಲುತುತ್ತು, ಸುಣ್ಣ ಕಲಸಿಟ್ಟುಕೊಂಡು ಆಕಾಶ ನೋಡುತ್ತ ಕುಳಿತದ್ದೇ ಬಂತು. ಹೊಡೆದದ್ದೂ ಮಳೆಗೆ ತೊಳೆದುಹೋಯಿತು. ಕೊಳೆ ಹತ್ತಿದ ಎಳೆಯಡಿಕೆ ತೋಟದ ತುಂಬ ಉದುರಿ ಬಿದ್ದಿರುವುದನ್ನು ಹೆಕ್ಕುವಾಗ ಬರುವ ವಾಸನೆ ಈಗಲೂ ಮೂಗಿನಲ್ಲಿದೆ. ಆ ವರ್ಷ ಫಸಲಿನ ಲೆಕ್ಕ ನೋಡಿ ಯಜಮಾನರು ಮಾತು ಕಡಿಮೆ ಮಾಡಿದರು. ಮಗ ಕಾಲೇಜಿನಲ್ಲಿದ್ದ. ನಾನು ಅಟ್ಟದ ಮೇಲಿನ ಡಬ್ಬಿಗಳನ್ನು ನೋಡಿದೆ. ಆ ವರ್ಷ ಹಲಸು ಚೆನ್ನಾಗಿ ಬಿಟ್ಟಿತ್ತು. ಹಪ್ಪಳ ಬೇಕಾದಷ್ಟಿತ್ತು, ಭರಣಿಗಳಲ್ಲಿ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಯೂ ಇತ್ತು.

ಪಕ್ಕದ ಊರಿನ ಒಬ್ಬರು ಆಗಲೇ ಉಪ್ಪಿನಕಾಯಿ, ಕಷಾಯದ ಪುಡಿ ಮಾರುತ್ತಿದ್ದರು. ಜನವರಿಯಲ್ಲಿ ಬೆಂಗಳೂರಿನಲ್ಲಿ ಹಳ್ಳಿಯ ಹೆಂಗಸರದ್ದೇ ಒಂದು ಮೇಳ ಇದೆ, ಅರ್ಧ ಮೇಜು ನಿಮಗೆ ಬಿಟ್ಟುಕೊಡುತ್ತೇನೆ ಎಂದರು. ಕೊನೆಯ ಗಳಿಗೆಯಲ್ಲಿ ಅವರ ಮನೆಯಲ್ಲಿ ಯಾರಿಗೋ ಹುಷಾರು ತಪ್ಪಿ ಇಡೀ ಮೇಜು ನನ್ನ ಪಾಲಿಗೇ ಬಂತು. ಮಗ ಕಂಪ್ಯೂಟರಿನಲ್ಲಿ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿದ್ದ. ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಮಾಡುವ ನಮ್ಮಂಥವರಿಗೆ ಆಗ ವರ್ಷಕ್ಕೆ 100 ರೂಪಾಯಿ ಕಟ್ಟಿದರೆ ಸಾಕಿತ್ತು. ಬಂದ 14 ಅಂಕಿಯ ಸಂಖ್ಯೆಯನ್ನು ಅವನು ಚೀಟಿಗಳ ಮೇಲೆ ಅಚ್ಚು ಹಾಕಿಸಿಕೊಂಡು ಬಂದ. ಅದರ ಕೆಳಗೆ ತಯಾರಿಸಿದ ತಿಂಗಳು, ತೂಕ, ಬೆಲೆ. 25 ಹಪ್ಪಳದ ಕಟ್ಟಿಗೆ 100 ರೂಪಾಯಿ. ಆ ಚೀಟಿಗಳನ್ನು ಒಂದೊಂದಾಗಿ ಅಂಟಿಸುವಾಗ ಅತ್ತೆ ಜಗುಲಿಯಲ್ಲಿ ಎಲೆ-ಅಡಿಕೆಯ ಬಟ್ಟಲು ಹಿಡಿದು ಕುಳಿತು ನೋಡುತ್ತಿದ್ದರು. ಬೇಡ ಎನ್ನಲಿಲ್ಲ. ತುಂಬ ಹೊತ್ತಿನ ಮೇಲೆ ಒಂದೇ ಮಾತು ಹೇಳಿದರು: “ಮಾರದಾದ್ರೆ ಮಾರು. ತಿಂತಾ ಇದ್ದವ್ರ ಎದುರಿಗೆ ಬೆಲೆ ಮಾತ್ರ ಹೇಳಡ.”

ಆ ಮಾತನ್ನು ನಾನು ಹಳೆಯ ಕಾಲದವರ ಮಾತು ಎಂದು ತಳ್ಳಿಹಾಕಲಿಲ್ಲ, ಇವತ್ತಿಗೂ ಹಾಕುವುದಿಲ್ಲ. ಉಣ್ಣುವವರ ಮುಂದೆ ದುಡ್ಡಿನ ಮಾತು ಆಡಬಾರದು ಎಂಬುದು ನಮ್ಮ ಅಡುಗೆಮನೆಗಳ ಮರ್ಯಾದೆ. ಆದರೆ ಆ ಮರ್ಯಾದೆಯನ್ನು ಹೊತ್ತುಕೊಂಡೇ ಮಾರುಕಟ್ಟೆಗೆ ಹೋಗಿ ನಿಂತವಳ ಗಂಟಲು ಹೇಗೆ ಕಟ್ಟುತ್ತದೆ ಎಂಬುದು ನಿಂತವಳಿಗೇ ಗೊತ್ತು.

ರಾತ್ರಿ ಬಸ್ಸಿನಲ್ಲಿ ಮಗನೂ ನಾನೂ ಹೊರಟೆವು. ಹಪ್ಪಳದ ಡಬ್ಬಿಗಳು ಸೀಟಿನ ಕೆಳಗೆ, ಉಪ್ಪಿನಕಾಯಿ ಬಾಟಲಿಗಳ ಪೆಟ್ಟಿಗೆ ನನ್ನ ಕಾಲ ಮೇಲೆ. ಬೆಳಿಗ್ಗೆ ಮೈದಾನ ತಲುಪಿದಾಗ ಸಾಲು ಸಾಲು ಮಳಿಗೆಗಳು, ಬಿಳಿ ಬಟ್ಟೆ ಹೊದಿಸಿದ ಮೇಜುಗಳು. ಮಗ ಎಲ್ಲ ಜೋಡಿಸಿಕೊಟ್ಟು, ಯಾವುದೋ ಪರೀಕ್ಷೆಯ ಅರ್ಜಿಯ ಕೆಲಸವಿದೆ ಎಂದು ಹೊರಟುಹೋದ.

ಜನ ಬರತೊಡಗಿದರು. ಮೇಳಕ್ಕೆ ಬರುವವರ ಕಣ್ಣಿನ ಓಟಕ್ಕೆ ಒಂದು ಕ್ರಮವಿದೆ. ಅದು ನನಗೆ ಅವತ್ತೇ ಗೊತ್ತಾಯಿತು. ಮೊದಲು ಮೇಜಿನ ಮೇಲಿನ ಸಾಮಾನು ನೋಡುತ್ತಾರೆ. ಅಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ ಕಣ್ಣೆತ್ತಿ ಮೇಜಿನ ಹಿಂದಿರುವವರ ಮುಖ ನೋಡುತ್ತಾರೆ. ಅವರು ಕಣ್ಣೆತ್ತುವ ಹೊತ್ತಿಗೆ ಸರಿಯಾಗಿ ನಾನು ಕಣ್ಣು ತಗ್ಗಿಸಿ ಕಟ್ಟುಗಳನ್ನು ಸರಿಪಡಿಸುತ್ತಿದ್ದೆ. ಅವರು ಮುಂದೆ ಹೋಗುತ್ತಿದ್ದರು. ಕಟ್ಟುಗಳು ಸರಿಯಾಗಿಯೇ ಇದ್ದವು. “ಬನ್ನಿ” ಎಂಬ ಎರಡಕ್ಷರ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಬೆಲೆ ಬರೆದ ಚೀಟಿ ಹೊರಮುಖವಾಗಿ ಇರಬೇಕಿತ್ತು. ನನ್ನ ಕೈ ತಾನಾಗಿಯೇ ಅದನ್ನು ಒಳಮುಖ ಮಾಡಿ ಇಡುತ್ತಿತ್ತು.

ಪಕ್ಕದ ಮಳಿಗೆ ಗದಗಿನ ಕಡೆಯ ಒಬ್ಬ ಹೆಂಗಸಿನದು. ಇಳಕಲ್ ಸೀರೆ, ಹಣೆಯ ಮೇಲೆ ಕಾಸಗಲ ಕುಂಕುಮ, ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ತಂದಿದ್ದರು. ಅವರ ದನಿ ಮೈದಾನದ ಆ ತುದಿಗೂ ಕೇಳುತ್ತಿತ್ತು. “ಬರ್ರಿ ಅಣ್ಣಾರ, ತಿಂದ ನೋಡ್ರಿ, ರೊಕ್ಕದ ಮಾತ ಆಮ್ಯಾಲ. ಗದಗ ಜಿಲ್ಲಾದ ಜ್ವಾಳ ಐತಿ, ಹಲ್ಲಿಗೆ ಗೊತ್ತಾಗ್ತದ.” ದಾರಿಯಲ್ಲಿ ಹೋಗುತ್ತಿದ್ದವರು ನಗುತ್ತ ತಿರುಗಿ ಬರುತ್ತಿದ್ದರು. ಆ ಅಕ್ಕನನ್ನು ನೋಡಿದಷ್ಟೂ ನನಗೆ ಧೈರ್ಯ ಬರುವ ಬದಲು ಇನ್ನಷ್ಟು ಹಿಂದಕ್ಕೆ ಸರಿಯುವಂತೆ ಆಗುತ್ತಿತ್ತು. ಈ ಗುಣ ಹುಟ್ಟಿನಿಂದ ಬರಬೇಕು, ನನ್ನಿಂದ ಆಗದು ಅನ್ನಿಸುತ್ತಿತ್ತು. ಅವರೂ ಆಗಾಗ ನನ್ನ ಕಡೆ ನೋಡುತ್ತಿದ್ದರು, ಏನೂ ಹೇಳಲಿಲ್ಲ.

ಮಧ್ಯಾಹ್ನ ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, “ತಂಗಿ, ಊಟಾ ಮಾಡಿ ಬರ್ತೀನಿ, ನಮ್ಮ ಅಂಗಡಿ ಕಡೆ ಒಂಚೂರ ನೋಡ್ಕೋರಿ. ಹತ್ತ ರೊಟ್ಟಿಗೆ ಅರವತ್ತು, ಚಟ್ನಿ ಪಾಕೀಟಿಗೆ ಐವತ್ತು,” ಎಂದು ನನ್ನ ಉತ್ತರಕ್ಕೂ ಕಾಯದೆ ನಡೆದರು.

ಅವರು ಹೋದದ್ದೇ ತಡ, ಒಂದು ಸಂಸಾರ ರೊಟ್ಟಿಯ ಮುಂದೆ ಬಂದು ನಿಂತಿತು. ಗಂಡ ಹೆಂಡತಿ, ಹತ್ತು ವರ್ಷದ ಹುಡುಗಿ. “ಇದು ಎಷ್ಟು ದಿನ ಇರತ್ತೆ?” ಎಂದು ಆಕೆ ಕೇಳಿದರು. ಬೆಳಗಿನಿಂದ ಅಕ್ಕನ ಬಾಯಿಂದ ಕೇಳಿ ಕೇಳಿ ನನಗೆ ಎಲ್ಲ ಬಾಯಿಪಾಠವಾಗಿತ್ತು. ಕುದಿಯುವ ನೀರಲ್ಲಿ ಹಿಟ್ಟು ನಾದಿ, ಕೈಯಲ್ಲಿ ಬಡಿದು, ಹಂಚಿನ ಮೇಲೆ ಬೇಯಿಸಿ, ತೇವವೆಲ್ಲ ಆರುವ ತನಕ ಒಣಗಿಸಿದ್ದು, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಕೆಡುವುದಿಲ್ಲ ಎಂದೆ. ಇದಕ್ಕೆ ಎಣ್ಣೆ ಸೋಕಿಸಿಲ್ಲ ಎಂದೆ. ಹೀಗೆ ಮುರಿದು, ಈ ಚಟ್ನಿಗೆ ಮೊಸರು ಕಲಸಿ, ಅದ್ದಿಕೊಂಡು ತಿನ್ನಿ ಎಂದೆ. ಹುಡುಗಿಯ ಕೈಗೆ ಒಂದು ಚೂರು ಕೊಟ್ಟೆ. “ಎಷ್ಟು?” ಎಂದರು. “ಹತ್ತಕ್ಕೆ ಅರವತ್ತು” ಎಂದೆ. ಅವರು ಎರಡು ಕಟ್ಟು ತೆಗೆದುಕೊಂಡರು. ಅವರ ಹಿಂದೆ ಇನ್ನೊಬ್ಬರು ಬಂದರು. ನಾನು ಅವರನ್ನು ಕರೆದೇ ಬಿಟ್ಟೆ: “ಬನ್ನಿ, ಒಂದು ಚೂರು ತಿಂದು ನೋಡಿ.”

ನನ್ನ ದನಿ ನನಗೇ ಕೇಳಿಸಿತು. ಬೆಳಗಿನಿಂದ ಹೊರಗೆ ಬಾರದ ದನಿ ಅದು, ಒಂದಿಷ್ಟೂ ನಡುಗದೆ ಬಂದಿತ್ತು. ಇದೇಕೆ ಹೀಗೆ ಎಂದು ಆ ಗದ್ದಲದ ನಡುವೆಯೇ ಯೋಚಿಸಿದೆ. ರೊಟ್ಟಿ ನನ್ನದಲ್ಲ. ಅದನ್ನು ಹೊಗಳಿದರೆ ನನ್ನನ್ನೇ ಹೊಗಳಿಕೊಂಡ ಹಾಗೆ ಆಗುವುದಿಲ್ಲ. ಅದಕ್ಕೆ ಬೆಲೆ ಹೇಳಿದರೆ ನನ್ನ ಕೈಗೆ, ನನ್ನ ಮನೆಗೆ ಬೆಲೆ ಕಟ್ಟಿದ ಹಾಗೆ ಆಗುವುದಿಲ್ಲ. ಬೇಡವೆಂದು ಹೋದವರು ರೊಟ್ಟಿಯನ್ನು ಬೇಡವೆಂದರು, ನನ್ನನ್ನಲ್ಲ. ಹಾಗಿದ್ದರೆ ನಾಚಿಕೆ ಕುಳಿತಿದ್ದ ಜಾಗ ಗಂಟಲು ಆಗಿರಲಿಲ್ಲ. ಹಪ್ಪಳ ಮತ್ತು ನಾನು ಬೇರೆಯಾಗದೆ ಅಂಟಿಕೊಂಡಿದ್ದ ಕಡೆ ಅದು ಇತ್ತು.

ಅಕ್ಕ ಊಟ ಮಾಡಿ ಬಂದವರು ದೂರದಲ್ಲೇ ನಿಂತು ನೋಡಿದ್ದಾರೆ. ಹತ್ತಿರ ಬಂದು ಡಬ್ಬಿಯೊಳಗಿನ ದುಡ್ಡು ಎಣಿಸಿ, “ಬಾಯಿ ಐತೆಲ್ಲ ನಿಮಗ!” ಎಂದು ನನ್ನ ಬೆನ್ನ ಮೇಲೆ ಒಂದು ಏಟು ಕೊಟ್ಟರು. ಆಮೇಲೆ ಅವರು ನೇರ ನನ್ನ ಮೇಜಿನ ಹಿಂದೆ ಹೋಗಿ ನಿಂತರು. “ಈಗ ನೀವು ನನ್ನ ಅಂಗಡ್ಯಾಗ ನಿಂದರ್ರಿ, ನಾ ನಿಮ್ಮ ಅಂಗಡ್ಯಾಗ ನಿಂದರ್ತೀನಿ. ಹೇಳ್ರಿ, ಈ ಹಪ್ಪಳಾ ಹ್ಯಾಂಗ ಮಾಡ್ತೀರಿ?”

ಹೇಳಬೇಕಾಯಿತು. ಹಲಸು ಹಣ್ಣಾಗುವ ಮೊದಲು, ಬಲಿತ ಕಾಯಿಯಾಗಿರುವಾಗಲೇ ಕೊಯ್ಯಬೇಕು. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳದಿದ್ದರೆ ಮೇಣ ಬಿಡುವುದಿಲ್ಲ. ಕಾಯಿ ಒಡೆದು, ಸೊಳೆ ಬಿಡಿಸಿ, ಬೀಜ ಬೇರೆ ಮಾಡಿ, ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಬಿಸಿ ಇರುವಾಗಲೇ ರುಬ್ಬಬೇಕು. ಆರಿದರೆ ಹದ ಬರುವುದಿಲ್ಲ. ನನ್ನ ಅತ್ತೆಯ ಕಾಲದಲ್ಲಿ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟುತ್ತಿದ್ದರು, ಇಬ್ಬರು ಎದುರುಬದುರು ನಿಂತು. ಉಪ್ಪು, ಮೆಣಸು, ಜೀರಿಗೆ, ಕೊತ್ತಂಬರಿ. ಉಂಡೆ ಕಟ್ಟಿ, ಎಣ್ಣೆ ಹಚ್ಚಿದ ಹಾಳೆಗಳ ನಡುವೆ ಇಟ್ಟು, ಮಣೆಯಿಂದ ಒತ್ತಿ, ಒಂದೊಂದಾಗಿ ಎಬ್ಬಿಸಿ ಚಾಪೆಯ ಮೇಲೆ ಹರಡುವುದು. ಮಕ್ಕಳು ಹಿಟ್ಟು ಕದ್ದು ತಿನ್ನಲು ಸುತ್ತ ಸುಳಿಯುತ್ತಿರುತ್ತವೆ. ಅಂಗಳದಲ್ಲಿ ಕಾಗೆ ಕಾಯಬೇಕು, ತಿರುವಿಹಾಕಬೇಕು, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ಚಾಪೆ ಸಮೇತ ಎತ್ತಿಕೊಂಡು ಓಡಬೇಕು. ಒಮ್ಮೆ ಮಳೆಹನಿ ಬಿದ್ದರೆ ಆ ದಿನದ ಕೆಲಸವೆಲ್ಲ ಹೋಯಿತು.

ಅಪ್ಪೆಮಿಡಿಯ ಬಗ್ಗೆಯೂ ಕೇಳಿದರು. ಹೊಳೆಯ ದಂಡೆಯ ಮರಗಳವು, ಅಘನಾಶಿನಿ, ಶರಾವತಿ, ವರದೆಯ ಬದಿಯವು. ಮರದಿಂದ ಕೆಳಗೆ ಬಿದ್ದ ಮಿಡಿ ನೆಲಕ್ಕೆ ಬಡಿದು ಏಟು ತಿಂದಿರುತ್ತದೆ, ಭರಣಿಯಲ್ಲಿ ಕೊಳೆಯುತ್ತದೆ. ಆದ್ದರಿಂದ ಕೊಯ್ಯುವವನು ಮರ ಹತ್ತಿ ತೊಟ್ಟು ಸಮೇತ ಕಿತ್ತು ಬುಟ್ಟಿಯಲ್ಲಿ ಇಳಿಸಬೇಕು. ಆ ತೊಟ್ಟಿನ ಸೊನೆಯಲ್ಲೇ ಪರಿಮಳ ಇರುವುದು. ಕಲ್ಲುಪ್ಪಿನಲ್ಲಿ ಮುಳುಗಿ ಚಿರುಟಿದ ಮಿಡಿಯ ಉಪ್ಪುನೀರಿನಲ್ಲೇ ಸಾಸಿವೆ, ಮೆಣಸಿನಕಾಯಿ ರುಬ್ಬುವುದು. ನಮ್ಮ ಅಪ್ಪೆಮಿಡಿಗೆ 2009ರ ಸುಮಾರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ ಎಂದೆ.

ಅಕ್ಕ ಸೊಂಟದ ಮೇಲೆ ಕೈ ಇಟ್ಟು ಕೇಳಿಸಿಕೊಂಡರು. “ಇಷ್ಟ ದುಡದೀರಿ. ಕದ್ದ ತಂದವರಂಗ ಚೀಟಿ ಮುಚ್ಚಿ ಇಟ್ಟೀರೆಲ್ಲ?” ಎಂದು ಒಳಮುಖವಾಗಿದ್ದ ಕಟ್ಟುಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ಬೆಲೆ ಕಾಣುವಂತೆ ಇಟ್ಟರು. ಆಮೇಲೆ ನನ್ನ ಹಪ್ಪಳವನ್ನು ಗದಗಿನ ಮಾತಿನಲ್ಲಿ ಮಾರಿದರು. “ಮಳಿ ಬಂದ್ರ ಚಾಪಿ ಎತ್ಕೊಂಡ ಓಡಿ ಉಳಿಸಿದ ಹಪ್ಪಳ ನೋಡ್ರಿ ಇದು!” ಜನ ನಿಂತರು. ಬೇರೆಯವರ ಬಾಯಲ್ಲಿ ನನ್ನ ಮನೆಯ ಅಂಗಳದ ಕೆಲಸ ಕೇಳುವಾಗ ಕಣ್ಣು ತುಂಬಿತು. ಅದು ಅಷ್ಟು ದೊಡ್ಡ ಕೆಲಸವೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ.

ಮರುದಿನ ನಾನು ನನ್ನ ಮೇಜಿನ ಹಿಂದೆಯೇ ನಿಂತೆ. ಅಕ್ಕನ ಹಾಗೆ ಕೂಗಲು ಹೋಗಲಿಲ್ಲ. ಅದು ಅವರ ದನಿ. ನನಗೆ ನನ್ನದೇ ಒಂದು ದನಿ ಇತ್ತು, ಅದು ಎಲ್ಲಿದೆ ಎಂದು ರಾತ್ರಿ ಮಲಗಿದಾಗ ಹೊಳೆದಿತ್ತು. ನಮ್ಮ ಕಡೆ ಮದುವೆ, ಮುಂಜಿಗಳಲ್ಲಿ ಹಂತಿಯಲ್ಲಿ ಬಡಿಸಲು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬೇಡವೆಂದು ಕೈ ಅಡ್ಡ ಹಿಡಿದವರ ಎಲೆಗೂ ಮಾತಾಡಿಸಿ ಇನ್ನೊಂದು ಸೌಟು ಪಾಯಸ ಬಡಿಸುವವಳು ನಾನು. ನೂರು ಜನರ ಹಂತಿಯಲ್ಲಿ ಗುರುತಿಲ್ಲದವರನ್ನೂ ಮಾತಾಡಿಸಿಕೊಂಡೇ ಮುಂದೆ ಹೋಗುತ್ತೇನೆ. ಅಲ್ಲಿ ನಾಚಿಕೆ ಎಂಬುದು ನನ್ನ ಹತ್ತಿರ ಸುಳಿದಿಲ್ಲ. ಹಾಗಾದರೆ ಇಲ್ಲಿಯೂ ಮೊದಲು ಬಡಿಸಬೇಕು ಎಂದುಕೊಂಡೆ. ಅಕ್ಕನ ಪರಿಚಯದವರಿಂದ ಒಂದು ಸಣ್ಣ ಒಲೆ ತಂದು ಮಳಿಗೆಯ ಹಿಂಬದಿಯಲ್ಲಿ ಇಟ್ಟು, ಕೊಬ್ಬರಿ ಎಣ್ಣೆಯಲ್ಲಿ ಹಪ್ಪಳ ಕರಿದೆ. ಆ ಪರಿಮಳಕ್ಕೇ ಜನ ತಿರುಗಿ ನೋಡಿದರು. ತಟ್ಟೆ ಹಿಡಿದು ಮೇಜಿನ ಈಚೆಗೆ ಬಂದು ನಿಂತೆ. ಮೇಜಿನ ಹಿಂದೆ ನಿಂತಾಗ ನಾನು ಅಂಗಡಿಯವಳು. ತಟ್ಟೆ ಹಿಡಿದು ಮುಂದೆ ಬಂದಾಗ ಮನೆಯವಳು. “ಒಂದು ಚೂರು, ಇಷ್ಟೇ ಇಷ್ಟು, ಬೇಡ ಅನ್ನಬೇಡಿ,” ಎಂದರೆ ಯಾರೂ ಬೇಡ ಅನ್ನಲಿಲ್ಲ.

ಆದರೂ ಬೆಲೆಯ ಮಾತು ಉಳಿದೇ ಇತ್ತು. ಅತ್ತೆ ಹೇಳಿದ್ದು ಅದೇ: ತಿನ್ನುತ್ತಿರುವವರ ಎದುರಿಗೆ ಹೇಳಬೇಡ. ಈಗ ಎಲ್ಲರೂ ನನ್ನೆದುರೇ ತಿನ್ನುತ್ತಿದ್ದರು. ಚೀಟಿಯಲ್ಲಿ ಬರೆದದ್ದನ್ನು ಓದಿಕೊಂಡು ಕೊಟ್ಟವರಿಂದ ತೆಗೆದುಕೊಳ್ಳುತ್ತಿದ್ದೆ. ಬಾಯಿಬಿಟ್ಟು ಹೇಳಲು ಆಗುತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಒಬ್ಬ ಅಜ್ಜಿ ಬಂದರು, ಕೈಯಲ್ಲಿ ಕೋಲು, ಜೊತೆಗೆ ಮೊಮ್ಮಗ. ಹಪ್ಪಳದ ಚೂರು ಬಾಯಿಗೆ ಹಾಕಿಕೊಂಡವರು ಮಾತಿಲ್ಲದೆ ನಿಂತರು. ಆಮೇಲೆ ನಮ್ಮ ಮಾತಿನಲ್ಲೇ, “ಯಾವೂರೇ ತಂಗಿ?” ಎಂದರು. ಸಾಗರದ ಕಡೆಯವರು, ಬೆಂಗಳೂರಿಗೆ ಬಂದು ಮೂವತ್ತು ವರ್ಷದ ಮೇಲಾಯಿತಂತೆ. ಊರಿನ ಮನೆ ಬಾಗಿಲು ಹಾಕಿದೆ, ಹಪ್ಪಳ ಮಾಡಿ ಕೊಡುವವರು ಯಾರೂ ಉಳಿದಿಲ್ಲ ಎಂದರು. ಅಪ್ಪೆಮಿಡಿಯ ಬಾಟಲಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತರು. ನನಗೆ ನನ್ನ ತವರಿನ ಅಜ್ಜಿಯನ್ನೇ ಕಂಡಂತಾಯಿತು. ಎರಡು ಕಟ್ಟು ಹಪ್ಪಳ, ಒಂದು ಬಾಟಲಿ ಅವರ ಚೀಲಕ್ಕೆ ಹಾಕಿದೆ. “ಎಷ್ಟಾತು?” ಎಂದರು. “ಇರ್ಲಿ ಅಜ್ಜಿ, ತಗಂಡು ಹೋಗಿ,” ಎಂದೆ. ಮನಸ್ಸಿನಿಂದಲೇ ಹೇಳಿದೆ.

ಅಜ್ಜಿ ಚೀಲವನ್ನು ಮೇಜಿನ ಮೇಲೆ ವಾಪಸು ಇಟ್ಟರು. “ಹಾಂಗೆ ಹೇಳಡ ತಂಗಿ. ನೀ ದುಡ್ಡು ತಗಳ್ದೇ ಇದ್ರೆ ಇನ್ನೊಂದ್ಸಲ ಆನು ಹ್ಯಾಂಗೆ ಬಂದು ಕೇಳ್ಲಿ? ನಂಗೆ ವರ್ಷಾ ಬೇಕು ಇದು.”

ಅದನ್ನು ಕೇಳಿ ನಾನು ಸುಮ್ಮನೆ ನಿಂತುಬಿಟ್ಟೆ. ಕೊಡುವುದರಲ್ಲಿ ನನಗೊಂದು ಸಂತೋಷವಿತ್ತು. ಆದರೆ ಪುಕ್ಕಟೆ ಕೊಟ್ಟರೆ ಕೇಳುವ ದಾರಿ ಆ ಅಜ್ಜಿಗೆ ಮುಚ್ಚಿಹೋಗುತ್ತಿತ್ತು. ಇನ್ನೊಮ್ಮೆ ಬೇಕೆನಿಸಿದಾಗ ಅವರು ದಾಕ್ಷಿಣ್ಯಕ್ಕೆ ಸಿಕ್ಕಿಕೊಳ್ಳಬೇಕಾಗುತ್ತಿತ್ತು. ಬೆಲೆ ಹೇಳಿದರೆ ಅವರು ತಲೆಯೆತ್ತಿ ಬಂದು, ತಮಗೆ ಬೇಕಾದಷ್ಟು ಕೇಳಿ ಪಡೆಯಬಹುದು. ಬಾಗಿಲು ಹಾಕಿದ ಮನೆಗಳವರು ಈ ಊರಿನಲ್ಲಿ ಎಷ್ಟು ಜನರಿದ್ದಾರೋ! ಅವರಿಗೆಲ್ಲ ಹಪ್ಪಳ ಬೇಕು, ಯಾರ ಹಂಗಿಗೂ ಬೀಳದೆ ಬೇಕು.

“ಹಪ್ಪಳ ಇನ್ನೂರು, ಉಪ್ಪಿನಕಾಯಿ ನೂರೈವತ್ತು. ಮುನ್ನೂರೈವತ್ತು, ಅಜ್ಜಿ,” ಎಂದೆ. ಅವರು ಬಾಯಿ ಚಪ್ಪರಿಸುತ್ತಲೇ ಇದ್ದರು. ತಿನ್ನುತ್ತಿರುವವರ ಎದುರಿಗೇ ಹೇಳಿದ್ದೆ. ಅಜ್ಜಿ ಎಣಿಸಿ ಕೊಟ್ಟು, ಮೊಮ್ಮಗನ ಕೈಯಲ್ಲಿ ನನ್ನ ಫೋನ್ ನಂಬರ್ ಬರೆಸಿಕೊಂಡು ಹೋದರು.

ಅನಂತರ ಬಂದ ಒಬ್ಬ ಯುವಕ, ಇದು ಬೇರೆ ಕಡೆ ಕಡಿಮೆಗೆ ಸಿಗುತ್ತದೆ ಎಂದ. ಸಿಗಬಹುದು, ನಮ್ಮದು ಹೀಗೆ ಮಾಡಿದ್ದು, ನಮ್ಮ ಬೆಲೆ ಇದು ಎಂದೆ. ಅವನು ತೆಗೆದುಕೊಳ್ಳದೆ ಹೋದ. ಹಿಂದಿನ ದಿನವಾಗಿದ್ದರೆ ಅವನು ಹೋದ ದಾರಿಯನ್ನೇ ನೋಡುತ್ತ ಕುಗ್ಗಿಹೋಗುತ್ತಿದ್ದೆ. ಅವತ್ತು ಮುಂದಿನವರಿಗೆ ತಟ್ಟೆ ಹಿಡಿದೆ.

ರಾತ್ರಿ ಮಳಿಗೆ ಮುಚ್ಚಿದ ಮೇಲೆ ಅಕ್ಕ ತಮ್ಮ ಕಥೆ ಹೇಳಿದರು. ಅವರೂ ಸ್ತ್ರೀಶಕ್ತಿ ಸಂಘಕ್ಕೆ ಸೇರಿದ ಹೊಸತರಲ್ಲಿ ಸಭೆಯಲ್ಲಿ ಎದ್ದು ಹೆಸರು ಹೇಳಲು ಹೆದರುತ್ತಿದ್ದವರಂತೆ! ನನಗೆ ನಂಬುವುದೇ ಕಷ್ಟವಾಯಿತು. ಸಂಘದ ತರಬೇತಿಯಲ್ಲಿ ಲಿಜ್ಜತ್ ಪಾಪಡ್‌ನವರ ವಿಷಯ ಹೇಳಿದ್ದರಂತೆ. 1959ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಒತ್ತಲು ಶುರುಮಾಡಿದ್ದು, ಅದು ಸಾವಿರ ಸಾವಿರ ಹೆಂಗಸರ ಸಂಸ್ಥೆಯಾಗಿ ಬೆಳೆದದ್ದು. ಆ ಏಳು ಮಂದಿಯಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಅಕ್ಕನೇ ನನಗೆ ಫೋನ್ ಮಾಡಿ ತಿಳಿಸಿದ್ದು. “ಹಪ್ಪಳಕ್ಕ ಪದ್ಮಶ್ರೀ ಬಂತು ತಂಗಿ!” ಎಂದು ಕೂಗಿದ ಕೂಗು ಫೋನಿಲ್ಲದೆಯೂ ಶಿರಸಿಗೆ ಕೇಳುತ್ತಿತ್ತು.

ಮೇಳದ ಕೊನೆಯ ಸಂಜೆ ನಾನು ಒಂದು ಕಟ್ಟು ಹಪ್ಪಳ ಅಕ್ಕನ ಕೈಗಿಟ್ಟೆ. ಅವರು ಸೀರೆಯ ಗಂಟು ಬಿಚ್ಚಿ ನೂರು ರೂಪಾಯಿ ತೆಗೆದು ನನ್ನ ಡಬ್ಬಿಗೆ ಹಾಕಿದರು. ಬೇಡ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ. ನಾನೂ ಅವರ ಹತ್ತು ರೊಟ್ಟಿ ತೆಗೆದುಕೊಂಡು ಅರವತ್ತು ಎಣಿಸಿ ಕೊಟ್ಟೆ. ಅವರೂ ಅದನ್ನು ಎಣಿಸಿಯೇ ತೆಗೆದುಕೊಂಡರು. ಲೆಕ್ಕ ಮುಗಿಯಿತು. ಆಮೇಲೆ ಅವರು ಚೀಲದ ತಳದಿಂದ, ಮಾರಾಟಕ್ಕೆ ಇಟ್ಟಿರದ, ಚೀಟಿ ಅಂಟಿಸದ ಒಂದು ಡಬ್ಬಿ ತೆಗೆದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಂಕ್ರಾಂತಿಗೆಂದು ಮಾಡಿದ್ದು.

“ಇದು ನಿಮ್ಮ ಅತ್ತಿಯಾರಿಗೆ. ಇದಕ್ಕ ರೊಕ್ಕ ಕೇಳೀರಿ ಅಂದ್ರ ಜಗಳ ಆಗ್ತದ ನೋಡ್ರಿ,” ಎಂದರು.

ನನ್ನ ಚೀಲದಲ್ಲಿಯೂ ಅಂಥದ್ದೊಂದು ಇತ್ತು. ಮನೆಯ ಬಳಕೆಗೆಂದು ಬೇರೆಯಾಗಿ ತೆಗೆದಿಟ್ಟ ಜೀರಿಗೆ ಅಪ್ಪೆಯ ಸಣ್ಣ ಭರಣಿ. ನಾನು ಹೊರಡುವಾಗ ಅತ್ತೆ ದಾರಿಗೆಂದು ಕೊಟ್ಟದ್ದು. ಅದನ್ನು ಅಕ್ಕನ ಚೀಲಕ್ಕೆ ಸೇರಿಸಿದೆ. ಊರಿಗೆ ಬಂದು ಅತ್ತೆಗೆ ಎಲ್ಲ ಹೇಳಿದಾಗ ಅವರು ಮೊದಲು ಕೇಳಿದ್ದು ವ್ಯಾಪಾರ ಎಷ್ಟಾಯಿತು ಎಂದಲ್ಲ. ಸಾಗರದ ಆ ಅಜ್ಜಿಯ ಮನೆಗೆ ಮಳೆಗಾಲದೊಳಗೆ ಇನ್ನೆಷ್ಟು ಕಟ್ಟು ಬೇಕಾಗಬಹುದು ಎಂದು ಕೇಳಿದರು. ಆ ಬೇಸಿಗೆ ಕಾಯಿ ಕೊಯ್ಯುವಾಗ ನಮ್ಮ ಲೆಕ್ಕಕ್ಕೆ ಅವರ ಹೆಸರೂ ಸೇರಿತು, ಅವರು ಹೇಳಿ ಕಳಿಸಿದ ಇನ್ನೂ ಕೆಲವು ಮನೆಗಳ ಹೆಸರೂ ಸೇರಿದವು.